ಟ್ರೇಲರ್ ಏರಿದ ಧಾರೆ ಸೀರೆ

ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾಗುವುದೆಂದರೆ ಸಂಬಳ ನಿಲ್ಲುತ್ತದೆ, ಕೆಲಸ ನಿಲ್ಲುವುದಿಲ್ಲ ಎಂದರ್ಥ. ದೊಡ್ಡಬಳ್ಳಾಪುರದಂಥ ಊರಿನಲ್ಲಿ ಗಣಪತಿ ಪೆಂಡಾಲಿನ ಪರದೆ, ರಂಗೋಲಿ ಸ್ಪರ್ಧೆಯ ತೀರ್ಪು, ಯಾರೋ ತೀರಿಕೊಂಡರೆ ಫೋಟೋದ ಮೇಲೆ ಬರೆಯುವ ಅಕ್ಷರ ಎಲ್ಲವೂ ಅವರ ಪಾಲಿಗೇ ಬರುತ್ತವೆ. ಆದ್ದರಿಂದ ಗಣರಾಜ್ಯೋತ್ಸವದ ಮೆರವಣಿಗೆಗೆ ನಮ್ಮ ಬೀದಿಯ ನೇಕಾರರ ಸಂಘದಿಂದ ಒಂದು ಸ್ತಬ್ಧಚಿತ್ರ ಹೊರಡಬೇಕೆಂದು ತೀರ್ಮಾನವಾದಾಗ, ಅದನ್ನು ರೂಪಿಸುವ ಭಾರವನ್ನು ನನಗೆ ಒಪ್ಪಿಸಿದ್ದರಲ್ಲಿ ನನ್ನ ಪ್ರತಿಭೆಯ ಪಾತ್ರ ಏನೂ ಇರಲಿಲ್ಲ. ಸಭೆಯಲ್ಲಿ ಕಾಫಿ ಕುಡಿದು ಎದ್ದು ಬರುವಷ್ಟರಲ್ಲಿ ನಾನು ರಾಷ್ಟ್ರದ ಸೇವೆಗೆ ನೇಮಕಗೊಂಡಿದ್ದೆ.

ಮೂರು ದಿನ ಕೂತು ಒಂದು ಚಿತ್ರ ಬರೆದೆ. ಟ್ರ್ಯಾಕ್ಟರ್ ಟ್ರೇಲರಿನ ಹಿಂಭಾಗದಲ್ಲಿ ಮಾಕಳಿದುರ್ಗದ ಬೆಟ್ಟ, ಬೆಟ್ಟದ ತುದಿಯಲ್ಲಿ ಕೋಟೆಯ ಗೋಡೆ, ಮುಂದೆ ಒಂದು ಮಗ್ಗ, ಮಗ್ಗದ ಮುಂದೆ ಕೂತ ನೇಕಾರ, ಅವನ ಮಗ್ಗದಿಂದ ಹರಿದು ಟ್ರೇಲರಿನ ಸುತ್ತ ಆವರಿಸುವ ಬಟ್ಟೆ. ಎಲ್ಲವೂ ಥರ್ಮಾಕೋಲು, ಗೋಣಿ, ಸುಣ್ಣ, ಬಣ್ಣ. ಸರಳ, ಹಗುರ, ಮಳೆ ಬಾರದ ಜನವರಿಗೆ ಹೇಳಿ ಮಾಡಿಸಿದ್ದು. ಕಮಿಟಿಯವರು ಅದನ್ನು ಮೇಜಿನ ಮೇಲೆ ಹರಡಿ, ಹೆಣ್ಣು ನೋಡಲು ಬಂದವರ ಗಾಂಭೀರ್ಯದಿಂದ ಬಹಳ ಹೊತ್ತು ನೋಡಿದರು. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಜಿಲ್ಲೆಯಲ್ಲಿ ಏರ್‌ಪೋರ್ಟ್ ಇರುವಾಗ ವಿಮಾನ ಇಲ್ಲದಿದ್ದರೆ ದೇವನಹಳ್ಳಿಯವರು ಏನೆಂದುಕೊಂಡಾರು ಎಂದು ಒಬ್ಬರು. ದೇವನಹಳ್ಳಿ ಎಂದಮೇಲೆ ಚಕ್ಕೋತ ಹಣ್ಣು ಬಿಡುವಂತಿಲ್ಲ ಎಂದು ಇನ್ನೊಬ್ಬರು. ಬೆಟ್ಟ ಇರುವಾಗ ಭಾನುವಾರ ಬೆನ್ನಿಗೆ ಚೀಲ ಕಟ್ಟಿಕೊಂಡು ಹತ್ತುವ ಬೆಂಗಳೂರಿನವರ ಗೊಂಬೆಗಳನ್ನೂ ಇಡಬಹುದಲ್ಲ ಎಂದು ಮತ್ತೊಬ್ಬರು. ನಾನು ತಲೆಯಾಡಿಸಿದೆ. ಬೆಟ್ಟದ ಮೇಲೆ ವಿಮಾನವನ್ನೂ, ವಿಮಾನಕ್ಕಿಂತ ದೊಡ್ಡ ಚಕ್ಕೋತವನ್ನೂ ಬರೆದುಕೊಟ್ಟೆ. ಮೂವತ್ತು ವರ್ಷ ಮಕ್ಕಳ ಚಿತ್ರ ತಿದ್ದಿದವನಿಗೆ ಅನುಪಾತದ ವಿಷಯದಲ್ಲಿ ಹಟ ಉಳಿದಿರುವುದಿಲ್ಲ.

ಕಡೆಯಲ್ಲಿ ಸಂಘದ ಅಧ್ಯಕ್ಷರು ಬೆರಳನ್ನು ನೇರವಾಗಿ ಮಗ್ಗದ ಮೇಲಿಟ್ಟರು.

“ಮೇಷ್ಟ್ರೇ, ಥರ್ಮಾಕೋಲ್ ಮಗ್ಗ ಮಾಡೋಕೆ ನೇಕಾರರ ಸಂಘ ಯಾಕ್ ಬೇಕು? ಅದನ್ನ ಬ್ಯಾಂಕ್‌ನವರೂ ಮಾಡ್ತಾರೆ. ನಾವು ನಿಜವಾದ್ ಮಗ್ಗನೇ ಹತ್ಸೋಣ. ಮೆರವಣಿಗೇಲಿ ಓಡ್ತಾ ಇರ್ಲಿ. ಮುಖ್ಯ ಅತಿಥಿಗಳ ಕಣ್ಮುಂದೆ ಮೂರು ಬಣ್ಣ ನೇಯ್ದು ತೋರ್ಸೋಣ.”

ಎಲ್ಲರೂ ಮೇಜು ಕುಟ್ಟಿದರು. ನಾನೂ ಕುಟ್ಟಿದೆ. ಆ ಕ್ಷಣದಲ್ಲಿ ಅದು ಯಾರ ಮಗ್ಗ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ನಮ್ಮ ಬೀದಿಯ ಪವರ್‌ಲೂಮುಗಳೆಲ್ಲ ಸಿಮೆಂಟಿನ ಕಟ್ಟೆಗೆ ಬೋಲ್ಟು ಹಾಕಿ ಕೂರಿಸಿದವು. ಅವನ್ನು ಏಳಿಸುವುದೆಂದರೆ ಮನೆಯನ್ನೇ ಏಳಿಸಿದಂತೆ. ಮೇಲೆ ಹೂಬಳ್ಳಿ ಮೂಡಿಸುವ ಜಕಾರ್ಡಿನ ಗೋಪುರವಿಲ್ಲದೆ, ಹಳೇ ರೈಲ್ವೆ ಮರದ ದಿಮ್ಮಿಗಳ ಮೇಲೆ ಸುಮ್ಮನೆ ನಿಂತಿರುವ ಗಿಡ್ಡ ಮಗ್ಗ ಇಡೀ ಬೀದಿಗೆ ಒಂದೇ ಇತ್ತು. ಅದು ನನ್ನ ಅಕ್ಕನ ಗಂಡ, ಭಾವನದು. ಆ ಮಗ್ಗದ ಮೇಲೆ ಆಗ ನನ್ನ ಅಕ್ಕನ ಮಗಳ ಧಾರೆ ಸೀರೆ ಅರ್ಧ ನೇಯ್ದು ನಿಂತಿತ್ತು.

ಇಲ್ಲಿ ಸೀರೆಯ ವಿಷಯ ಸ್ವಲ್ಪ ಹೇಳಬೇಕು. ಭಾವ ಹುಡುಗನಾಗಿದ್ದಾಗಿನಿಂದ ಸೀರೆ ನೇಯ್ದವನು. ಅವನ ಕೈದಾಟಿದ ಸೀರೆಗಳೆಲ್ಲ ಬೆಂಗಳೂರಿನ ಅಂಗಡಿಗಳಿಗೆ ಹೋದವು, ಮನೆಯೊಳಗೆ ಉಳಿದದ್ದು ಒಂದೂ ಇಲ್ಲ. ಅವನದೇ ಮದುವೆಯ ಕಾಲಕ್ಕೆ ಮಗ್ಗದ ಮೇಲೆ ಯಾರದೋ ಆರ್ಡರು ಹೂಡಿತ್ತೆಂದು ನನ್ನ ಅಕ್ಕನಿಗೆ ಧಾರೆ ಸೀರೆಯನ್ನು ಚಿಕ್ಕಪೇಟೆಯಲ್ಲಿ ಕೊಂಡು ತಂದರು. ನೇಕಾರನ ಕೈಹಿಡಿಯಲು ಅಂಗಡಿ ಸೀರೆ ಉಟ್ಟು ಕೂತೆ ಎಂಬ ಮಾತನ್ನು ಅಕ್ಕ ಅಂದಿನಿಂದ ಇಂದಿನವರೆಗೆ ಹಬ್ಬಕ್ಕೊಂದು ಸಲ, ಜಗಳಕ್ಕೊಂದು ಸಲ ಆಡುತ್ತಲೇ ಬಂದಿದ್ದಾಳೆ. ಆದ್ದರಿಂದ ಮಗಳ ಧಾರೆ ಸೀರೆಯನ್ನು ತನ್ನ ಮಗ್ಗದಲ್ಲಿ, ತನ್ನ ಕೈಯಲ್ಲೇ ನೇಯುತ್ತೇನೆಂದು ಭಾವ ಹೇಳಿದ್ದ. ಅವನು ಜೀವನದಲ್ಲಿ ಗಟ್ಟಿಯಾಗಿ ಹೇಳಿದ ಮಾತುಗಳು ಕಡಿಮೆ. ಇದೊಂದನ್ನು ಮಾತ್ರ ನೆಂಟರೆದುರು ಹೇಳಿಬಿಟ್ಟಿದ್ದ. ಕುಂಕುಮದ ಬಣ್ಣದ ರೇಷ್ಮೆ, ಸಣ್ಣ ಜರಿ ಅಂಚು. ಸೆರಗು ಮುಗಿದಿತ್ತು, ಒಡಲು ನಡೆಯುತ್ತಿತ್ತು. ಮದುವೆ ಗಣರಾಜ್ಯೋತ್ಸವದ ಮುಂದಿನ ವಾರ.

ಮದುವಣಗಿತ್ತಿಗೆ ಇದರಲ್ಲಿ ಅಷ್ಟು ಆವೇಶ ಇರಲಿಲ್ಲ. ಅವಳು ಏರ್‌ಪೋರ್ಟ್ ಹತ್ತಿರದ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ನಿಂತು ದಿನವೂ ನೂರು ಜನರಿಗೆ ನಮಸ್ಕಾರ ಹೇಳುವವಳು. ಯಾವ ಸೀರೆಯಾದರೂ ಉಡುತ್ತೇನೆ, ಅಪ್ಪ ಅಷ್ಟು ಒದ್ದಾಡುವುದು ಬೇಡ ಎಂದು ನನ್ನ ಹತ್ತಿರ ಹೇಳಿದ್ದಳು. ಅದನ್ನು ಅವನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಹಾಗಾದರೆ ಭಾವ ಮಗ್ಗ ಕೊಡುವುದಿಲ್ಲ ಎನ್ನಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರು ಹೆಣ್ಣಿನ ಕಡೆಯವರಾಗಿ ಒಂದು ಮದುವೆಯನ್ನೂ ಮಾಡಿರಲಾರರು. ಸಂಘದ ಅಧ್ಯಕ್ಷರು ಗಂಡಿನ ಸೋದರಮಾವ. ಈ ಸಂಬಂಧ ಕುದುರಿಸಿದವರೂ ಅವರೇ. ಮಾರನೆಯ ದಿನ ಬೆಳಿಗ್ಗೆ ಅವರು ಭಾವನ ಮನೆಯ ಜಗಲಿಯಲ್ಲಿ ಕೂತು, ಎಲೆಅಡಿಕೆಯ ತಟ್ಟೆ ಮುಂದಿಟ್ಟುಕೊಂಡು, “ಬೀಗ್ರೇ, ಇಡೀ ಬೀದೀಲಿ ನಿಮ್ ಮಗ್ಗಕ್ಕೆ ಈ ಯೋಗ ಬಂದೈತೆ. ಇನ್ನು ನಮ್ದು ನಿಮ್ದು ಅಂತ ಏನೈತೆ?” ಅಂದರು. ಭಾವ ಒಳಗೆ ಮಗ್ಗದ ಕಡೆ ನೋಡಿದ. ನನ್ನ ಕಡೆ ನೋಡಿದ. “ಆಯ್ತು ಬಿಡಿ” ಅಂದ. ಅಕ್ಕ ಒಳಗಿನಿಂದ ತಂದ ಕಾಫಿ ಲೋಟವನ್ನು ನನ್ನ ಮುಂದೆ ಇಟ್ಟ ರೀತಿಯಲ್ಲೇ ಈ ಮಗ್ಗವನ್ನು ಚಿತ್ರದಲ್ಲಿ ಮೊದಲು ಬರೆದವರು ಯಾರು ಎಂಬುದು ಅವಳಿಗೆ ಗೊತ್ತಾಗಿದೆ ಎಂದು ತಿಳಿಯಿತು.

ಅಧ್ಯಕ್ಷರು ಹೋದ ಮೇಲೆ ನಾವು ದಾರಿಗಳನ್ನು ಹುಡುಕಿದೆವು. ಮಗ್ಗದ ಬಟ್ಟೆ ಅಡುಗೆಯ ಹಾಗಲ್ಲ, ಒಂದು ಪಾತ್ರೆ ಇಳಿಸಿ ಇನ್ನೊಂದು ಇಡಲು. ಹಾಸಿನ ಎಳೆಗಳು ಉದ್ದಕ್ಕೆ ಬಿಗಿದಿರುತ್ತವೆ, ಲಾಳಿ ಅಡ್ಡಡ್ಡ ಓಡುತ್ತಾ ಹೊಕ್ಕಿನ ನೂಲು ಸೇರಿಸುತ್ತಾ ಹೋಗುತ್ತದೆ. ಈ ಗಳಿಗೆಯಲ್ಲಿ ನೇಯ್ದದ್ದು ಹಿಂದಿನ ಗಳಿಗೆಯಲ್ಲಿ ನೇಯ್ದದ್ದರ ಪಕ್ಕಕ್ಕೇ ಕೂರುತ್ತದೆ. ಮೆರವಣಿಗೆಯಲ್ಲಿ ಮೂರು ಬಣ್ಣ ನೇಯ್ದರೆ ಅದು ಸೀರೆಯ ನಡುವೆಯೇ ಬರಬೇಕು. ಅರ್ಧ ನೇಯ್ದದ್ದನ್ನು ಕೊಯ್ದು ಇಳಿಸೋಣವೆಂದರೆ ಧಾರೆ ಸೀರೆಗೆ ನಡುವೆ ಕತ್ತರಿ ಹಾಕುವ ಮಾತನ್ನು ನಮ್ಮವರಲ್ಲಿ ಬಾಯಲ್ಲೂ ಆಡುವುದಿಲ್ಲ.

ಭಾವ ಒಂದು ಉಪಾಯ ಕಂಡುಕೊಂಡ. ಸೀರೆಯ ಕೊನೆಯ ಭಾಗ ಒಳಸೆರಗು. ಉಡುವಾಗ ಅದು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋಗುತ್ತದೆ, ಮೇಲೆ ಇನ್ನೊಂದು ಸುತ್ತು ಬರುತ್ತದೆ, ಉಟ್ಟವಳಿಗೆ ಬಿಟ್ಟು ಇನ್ನಾರಿಗೂ ಕಾಣುವುದಿಲ್ಲ. ಮೆರವಣಿಗೆಯ ದಿನದ ಹೊತ್ತಿಗೆ ಒಡಲು ಪೂರ್ತಿ ನೇಯ್ದು ಒಳಸೆರಗಿಗೆ ಮುಟ್ಟಿಬಿಟ್ಟರೆ, ಅಧ್ಯಕ್ಷರ ಮೂರು ಬಣ್ಣವನ್ನು ಅಲ್ಲಿ ಒಂದು ಗೇಣು ನೇಯ್ದು ಮುಚ್ಚಿಬಿಡಬಹುದು. ದೇಶಕ್ಕೂ ಮರ್ಯಾದೆ, ಬೀಗರಿಗೂ ಮರ್ಯಾದೆ, ಸೀರೆಗೂ ಮರ್ಯಾದೆ. ಇಷ್ಟು ಒಳ್ಳೆಯ ಉಪಾಯ ನಮ್ಮ ಮನೆತನದಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ. ಹಾಗಾಗಿ ಅದನ್ನು ಕಂಡು ಕರೆಂಟಿನವರಿಗೂ ಹೊಟ್ಟೆಕಿಚ್ಚಾಗಿರಬೇಕು. ಆ ವಾರ ಲೈನ್ ದುರಸ್ತಿ ಎಂದು ಹಗಲು ರಾತ್ರಿ ಎನ್ನದೆ ಕರೆಂಟು ತೆಗೆದರು. ಭಾವ ಮಗ್ಗದ ಮುಂದೆ ಕೈಕಟ್ಟಿ ಕೂತಿರುತ್ತಿದ್ದ. ಬೀದಿಯ ಎಲ್ಲ ಮಗ್ಗಗಳೂ ನಿಂತದ್ದರಿಂದ ಕೂಗು ಕೇಳಿಸಿ, ನಮ್ಮೂರಲ್ಲಿ ಗಿಳಿಗಳಿವೆ ಎಂಬುದು ನನಗೆ ಗೊತ್ತಾಯಿತು. ಕರೆಂಟು ಬಂದ ತಕ್ಷಣ ಅವನು ಎದ್ದು ನೇಯುತ್ತಿದ್ದ, ಹೋದ ತಕ್ಷಣ ಕೂರುತ್ತಿದ್ದ. ಮಗ್ಗ ಎತ್ತುವ ದಿನ ಬಂದಾಗ ಒಳಸೆರಗು ಇನ್ನೂ ದೂರವಿತ್ತು. ಮಗ್ಗದ ಮೇಲಿದ್ದದ್ದು ಸರಿಯಾಗಿ ನಿರಿಗೆ ಹಿಡಿಯುವ ಜಾಗ. ಎಂದರೆ ಹೆಣ್ಣು ಧಾರೆಗೆ ನಿಂತಾಗ ಮಂಟಪದ ಎದುರು ಕೂತವರೆಲ್ಲರಿಗೂ ಕಾಣುವ ಜಾಗ.

ಒಂದು ಗೇಣು ತಾನೇ, ಎಂದು ನಾನು ಸಮಾಧಾನ ಹೇಳಿದೆ. ಅದರಲ್ಲೂ ಒಂದು ತೊಡಕಿತ್ತು. ಅದು ಬಣ್ಣದವನಾದ ನನಗೆ ತಿಳಿಯಬೇಕಾದದ್ದು, ತಿಳಿಯಿತು ಕೂಡ. ಹಾಸು ಕುಂಕುಮದ ಬಣ್ಣ. ಅದರ ಮೇಲೆ ಕೇಸರಿ ಹೊಕ್ಕು ಹಾಕಿದರೆ ಹೆಂಚಿನ ಬಣ್ಣ ಬರುತ್ತದೆ, ಬಿಳಿ ಹಾಕಿದರೆ ಗುಲಾಬಿ, ಹಸಿರು ಹಾಕಿದರೆ ಕೆರೆಯ ಕೆಸರು. ಅಧ್ಯಕ್ಷರಿಗೆ ಇದನ್ನು ವಿವರಿಸಿದೆ. ದೂರದಿಂದ ನೋಡಿದರೆ ಸರಿಯಾಗಿ ಕಾಣುತ್ತದೆ, ಭಾವನೆ ಮುಖ್ಯ ಎಂದರು. ಭಾವನೆಯ ಮುಂದೆ ವರ್ಣಶಾಸ್ತ್ರ ಎಂದೂ ಗೆದ್ದಿಲ್ಲ.

ಮಗ್ಗ ಏರಿಸಲು ಇಡೀ ಬೀದಿ ಬಂದಿತು. ಸರಪಳಿ ರಾಟೆ, ಕಬ್ಬಿಣದ ಪೈಪು, ಹಗ್ಗ, ಅದಕ್ಕಿಂತ ಹೆಚ್ಚಾಗಿ ಸಲಹೆ. ಭಾವ ಹಾಸಿನ ಎಳೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, ಮಗ್ಗದ ಜೊತೆಗೇ ಹೆಜ್ಜೆ ಹಾಕುತ್ತಾ ಟ್ರೇಲರ್ ಏರಿದ. ಜ್ವರ ಬಂದ ಮಗುವನ್ನು ಆಟೋಗೆ ಹತ್ತಿಸುವಾಗ ಹಾಗೆ ಹೋಗುತ್ತಾರೆ. ಜನರೇಟರನ್ನು ಕಾಣದಂತೆ ನನ್ನ ಬೆಟ್ಟದ ಹಿಂದೆ ಇಟ್ಟೆವು. ಪರೀಕ್ಷೆಗೆಂದು ಹಚ್ಚಿದಾಗ ಕೋಟೆಯ ಗೋಡೆಯ ಹಿಂದಿನಿಂದ ಕಪ್ಪು ಹೊಗೆ ಎದ್ದಿತು. ಮಾಕಳಿದುರ್ಗ ಜ್ವಾಲಾಮುಖಿಯಾಯಿತು. ವಿಮಾನ ಆ ಹೊಗೆಯಲ್ಲಿ ತೂಗಾಡುತ್ತಿತ್ತು. ಇದನ್ನು ಯಾರೂ ದೋಷವೆಂದು ಎಣಿಸಲಿಲ್ಲವಾದ್ದರಿಂದ ನಾನೂ ಎಣಿಸಲಿಲ್ಲ.

ಮೆರವಣಿಗೆಯ ದಿನ ಮೈದಾನದ ಹೊರಗೆ, ರಸ್ತೆಯಲ್ಲಿ, ನಮ್ಮನ್ನು ಸಾಲಿನಲ್ಲಿ ನಿಲ್ಲಿಸಿದರು. ಮುಂದೆ ತೋಟಗಾರಿಕೆಯವರ ತರಕಾರಿ ಆನೆ, ಹಿಂದೆ ಒಂದು ಶಾಲೆಯವರ ರಾಕೆಟ್ಟು. ಧ್ವಜಾರೋಹಣ ಹೊತ್ತಿಗೆ ಸರಿಯಾಗಿ ಆಯಿತು. ಆದರೆ ಸ್ತಬ್ಧಚಿತ್ರಗಳನ್ನು ನೋಡಿ ಸಂತೋಷಪಡಬೇಕಾದ ಮುಖ್ಯ ಅತಿಥಿಗಳು ಹೊಸಕೋಟೆಯ ಇನ್ನೊಂದು ಕಾರ್ಯಕ್ರಮ ಮುಗಿಸಿಕೊಂಡು ಬರುತ್ತಾರೆ, ಅಲ್ಲಿಯವರೆಗೆ ಯಾರೂ ಅಲ್ಲಾಡಬಾರದು ಎಂದು ಅಪ್ಪಣೆಯಾಯಿತು. ಅಷ್ಟರಲ್ಲಿ ಯಾರೋ, “ಬಂದ್ರು, ಬಂದ್ರು” ಅಂದರು. ಅಧ್ಯಕ್ಷರು ಕೈಯೆತ್ತಿದರು. ಮಗ್ಗ ಓಡಿತು.

ಭಾವ ಕೇಸರಿ ಲಾಳಿ ಹಾಕಿ ನಾಲ್ಕು ಬೆರಳು ನೇಯ್ದ. ಆಮೇಲೆ ಬಿಳಿ ನಾಲ್ಕು ಬೆರಳು, ಆಮೇಲೆ ಹಸಿರು. ಅವನ ಲೆಕ್ಕದ ಗೇಣು ಮುಗಿಯಿತು. ಬಂದವರು ಮುಖ್ಯ ಅತಿಥಿಗಳಲ್ಲ, ಅವರ ಹಾರ ತರುವವರು ಎಂದು ಆಗ ತಿಳಿಯಿತು. ಭಾವ ಮಗ್ಗ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಯಾರೋ ಬಂದರು ಎಂದರು. ಅಧ್ಯಕ್ಷರು ಕೆಳಗಿನಿಂದ, ಕೇಸರಿಯಿಂದಲೇ ಶುರುಮಾಡಿ ಬೀಗ್ರೇ, ಅವರು ಬಂದಾಗ ಮೊದಲಿನಿಂದ ಕಾಣಬೇಕು ಎಂದರು. ಅವರ ದನಿಯಲ್ಲಿ ದಬ್ಬಾಳಿಕೆ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನಿಜವಾದ, ಕಲ್ಮಶವಿಲ್ಲದ ಉತ್ಸಾಹ. ಅದರ ಎದುರು ಏನೂ ಮಾಡಲಾಗುವುದಿಲ್ಲ. ಮತ್ತೆ ಕೇಸರಿ, ಮತ್ತೆ ಬಿಳಿ, ಮತ್ತೆ ಹಸಿರು. ಈ ಸಲ ಬಂದದ್ದು ಆಂಬುಲೆನ್ಸ್.

ನಾನು ಟ್ರೇಲರಿನ ಮೇಲೆ ಚಕ್ಕೋತದ ಪಕ್ಕ ನಿಂತಿದ್ದೆ. ಗಾಳಿಗೆ ಅದು ಉರುಳದಂತೆ ಹಿಡಿದುಕೊಳ್ಳುವುದು ಆ ಹೊತ್ತಿಗೆ ನನ್ನ ಕಲಾತ್ಮಕ ಹೊಣೆಗಾರಿಕೆಯಾಗಿತ್ತು. ಭಾವನ ಕಿವಿಯ ಹತ್ತಿರ ಬಾಗಿ, ಹೊಕ್ಕಿನ ನೂಲು ತೆಗೆದು ಬರೀ ಲಾಳಿ ಓಡಿಸು, ನೋಡುವವರಿಗೆ ಏನು ಗೊತ್ತಾಗುತ್ತದೆ ಎಂದೆ. ಅವನು ನನ್ನನ್ನು ನೋಡಿದ. ಮಗ್ಗ ಓಡಿದರೆ ಬಟ್ಟೆ ಸುತ್ತಿಕೊಳ್ಳುತ್ತದೆ, ನೂಲಿಲ್ಲದೆ ಓಡಿದರೆ ಸೀರೆಯ ನಡುವೆ ಒಂದು ಕಿಟಕಿ ಬೀಳುತ್ತದೆ. ಅದಿರಲಿ, ಧಾರೆ ಸೀರೆ ಇರುವ ಮಗ್ಗದಲ್ಲಿ ಖಾಲಿ ಲಾಳಿ ಓಡಿಸುವವರುಂಟೇ? ನೇಕಾರರ ಮನೆಯಲ್ಲಿ ಹುಟ್ಟಿ ಚಿತ್ರ ಬರೆಯಲು ಹೋದವನಿಂದ ಇಂಥ ಸಲಹೆಯೇ ಬರುತ್ತದೆ ಎಂಬುದನ್ನು ಅವನು ಒಂದೇ ನೋಟದಲ್ಲಿ ಹೇಳಿ ಮುಗಿಸಿದ.

ಆಮೇಲೆ ಅವನೇ ಒಂದು ಪ್ರಯತ್ನ ಮಾಡಿದ. ಅಧ್ಯಕ್ಷರು ಅತ್ತ ಹೋದಾಗ ಸೀರೆಯದೇ ಕುಂಕುಮ ಬಣ್ಣದ ಲಾಳಿ ಹಾಕಿದ. ಓಡುವ ಮಗ್ಗ ಓಡುತ್ತಿರಲಿ, ಸೀರೆ ಸೀರೆಯಾಗಿಯೇ ಬೆಳೆಯಲಿ ಎಂದು. ನಾಲ್ಕು ಎಳೆ ಕೂರುವಷ್ಟರಲ್ಲಿ ರಸ್ತೆಯ ಬದಿಯಿಂದ ಒಬ್ಬರು, ಇದ್ಯಾವ ಪಕ್ಷದ ಬಣ್ಣ ಸ್ವಾಮಿ, ರಾಷ್ಟ್ರೀಯ ಹಬ್ಬದ ದಿನ ಎಂದು ಕೇಳಿದರು. ಇನ್ನಿಬ್ಬರು ತಿರುಗಿ ನೋಡಿದರು. ಒಬ್ಬರು ಫೋನು ಎತ್ತಿ ಹಿಡಿದರು. ಭಾವ ಕೇಸರಿ ಲಾಳಿ ಹಾಕಿದ.

ಅದೂ ನಡೆಯದಾಗ ಅವನು ಸುಳ್ಳು ಹೇಳಿದ. ಮಗ್ಗ ನಿಲ್ಲಿಸಿ, ಹಾಸಿನ ಎಳೆ ಕಿತ್ತುಹೋಗಿದೆ, ಹುಡುಕಿ ಗಂಟು ಹಾಕಬೇಕು, ಹೊತ್ತಾಗುತ್ತದೆ ಎಂದ. ಬೇರೆ ಊರಿನಲ್ಲಾಗಿದ್ದರೆ ಈ ಸುಳ್ಳು ಅರ್ಧ ದಿನ ಬಾಳುತ್ತಿತ್ತು. ನಮ್ಮೂರಿನಲ್ಲಿ ರಸ್ತೆಯ ಎರಡೂ ಬದಿಗೆ ನಿಂತಿದ್ದವರೆಲ್ಲ ನೇಕಾರರು. ಎಳೆ ಕಿತ್ತಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಐದಾರು ಜನ ಟ್ರೇಲರಿಗೆ ಹಾರಿ ಹತ್ತಿ ಹಾಸಿನ ಮೇಲೆ ಬಗ್ಗಿದರು. ಎಲ್ಲೂ ಕಿತ್ತಿಲ್ಲ ಕಣಣ್ಣ, ನಿಂಗೆ ಬಿಸಿಲಿಗೆ ಕಣ್ಣು ಮಂಜಾಗಿದೆ ಎಂದು ಒಬ್ಬ ಅವನ ಬೆನ್ನು ತಟ್ಟಿ, ಪ್ರೀತಿಯಿಂದ ತಾನೇ ಮಗ್ಗದ ಹಿಡಿ ಎಳೆದು ಓಡಿಸಿಕೊಟ್ಟು ಇಳಿದ.

ಅಕ್ಕ ನಡುವೆ ಒಮ್ಮೆ ಬಂದಳು. ಮೊಸರನ್ನದ ಡಬ್ಬಿ ಕೊಡಲು ಬಂದವಳ ಹಾಗೆ ಮೇಲೆ ಹತ್ತಿ, ಬಟ್ಟೆ ಸುತ್ತಿಕೊಳ್ಳುವ ದೋಣಿಯ ಮೇಲೆ ಮೊಳಕೈ ಇಟ್ಟು ಅಳೆದಳು. ಒಂದು ಮೊಳವಾಯಿತು. ಕೈ ಸರಿಸಿ ಇನ್ನೊಂದು ಮೊಳ ಅಳೆಯತೊಡಗಿದಳು. ಅದು ಅರ್ಧದವರೆಗೆ ಬಂದಿತು. ಗಂಡನ ಮುಖದ ಬೆವರನ್ನು ತನ್ನ ಸೆರಗಿನಿಂದ ಒರೆಸಿ ಇಳಿದು ಹೋದಳು. ಮದುವೆಯಾದಂದಿನಿಂದ ಅವಳು ಅವನ ಮೇಲೆ ರೇಗದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಭಯವಾಯಿತು.

ಮುಖ್ಯ ಅತಿಥಿಗಳು ನಿಜವಾಗಿಯೂ ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಸಾಲು ಚಲಿಸಿತು. ತರಕಾರಿ ಆನೆಯ ಸೊಂಡಿಲು ಬಾಡಿ ಕೆಳಗೆ ಬಾಗಿತ್ತು, ಆದರೂ ಅದು ನಡೆಯಿತು. ನಮ್ಮ ಟ್ರ್ಯಾಕ್ಟರು ಮೈದಾನದ ಬಾಗಿಲಿಗೆ ಬಂದಾಗ ಒಬ್ಬ ಪೊಲೀಸ್ ಅಧಿಕಾರಿ ಎರಡೂ ಕೈ ಅಗಲಿಸಿ ಅಡ್ಡ ನಿಂತರು. ಏನ್ರೀ ಇದು ಸದ್ದು, ಒಳಗೆ ಸಾಹೇಬರು ಭಾಷಣ ಶುರುಮಾಡಿದ್ದಾರೆ, ಮೊದಲು ನಿಲ್ಲಿಸಿ ಎಂದರು. ಅಧ್ಯಕ್ಷರು, ಯಾವ ಸದ್ದು ಎಂದು ಕೇಳಿದರು.

ಅವರು ಉಡಾಫೆ ಮಾಡಲಿಲ್ಲ. ನಿಜಕ್ಕೂ ಅವರಿಗೆ ತಿಳಿಯಲಿಲ್ಲ. ನಮಗಾರಿಗೂ ತಿಳಿಯಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಪವರ್‌ಲೂಮಿನ ಖಟಪಟದಲ್ಲೇ ನಿದ್ದೆ ಮಾಡಿದವರು ನಾವು. ಅದು ನಿಂತರೆ ಎಚ್ಚರವಾಗುತ್ತದೆಯೇ ಹೊರತು ಓಡುವಾಗ ಸದ್ದು ಎನ್ನಿಸುವುದಿಲ್ಲ. ವಿಮಾನ ಎಷ್ಟು ಉದ್ದ, ಚಕ್ಕೋತಕ್ಕೆ ಯಾವ ಹಳದಿ ಎಂದೆಲ್ಲ ಹಗಲಿಡೀ ಚರ್ಚಿಸಿದ ಕಮಿಟಿಯಲ್ಲಿ ಒಬ್ಬನಿಗೂ ಮಗ್ಗಕ್ಕೆ ಸದ್ದಿದೆ ಎಂಬುದು ಹೊಳೆದಿರಲಿಲ್ಲ. ಜನರೇಟರ್ ಆರಿಸಿದರು. ಜ್ವಾಲಾಮುಖಿ ತಣ್ಣಗಾಯಿತು. ಹೀಗೆ, ಕಾಯುವ ಹೊತ್ತೆಲ್ಲ ಎಡೆಬಿಡದೆ ನೇಯ್ದ ಮಗ್ಗ, ನೋಡುವವರ ಮುಂದೆ ಮಾತ್ರ ತೆಪ್ಪಗೆ ನಿಂತು ಸಾಗಿತು. ಭಾವ ಕೈಯಲ್ಲಿ ಲಾಳಿ ಹಿಡಿದು, ಥರ್ಮಾಕೋಲಿನಲ್ಲಿ ಮಾಡಿದವನ ಹಾಗೆ ಕೂತಿದ್ದ. ನನ್ನ ಮೊದಲ ಚಿತ್ರದಲ್ಲಿ ಇದ್ದದ್ದು ಅಕ್ಷರಶಃ ಅದೇ. ಮುಖ್ಯ ಅತಿಥಿಗಳು ಭಾಷಣದ ನಡುವೆ ನಮ್ಮ ಕಡೆ ಕೈ ಬೀಸಿದರು. ವೇದಿಕೆಯ ಮೇಲಿದ್ದವರು ಚಕ್ಕೋತವನ್ನು ತೋರಿಸಿ ಏನೋ ಮಾತಾಡಿಕೊಂಡರು. ನಮಗೆ ಸಮಾಧಾನಕರ ಬಹುಮಾನ ಬಂದಿತು. ಆನೆಗೆ ಮೊದಲನೆಯದು.

ಮಗ್ಗ ಏರಿಸಲು ಬಂದಿದ್ದ ಜನರಲ್ಲಿ ಇಳಿಸಲು ಯಾರೂ ಬರಲಿಲ್ಲ. ರಜೆಯ ದಿನ, ಉಂಡು ಮಲಗಿದ್ದರು. ಮರುದಿನ ಬೆಳಿಗ್ಗೆ ಟ್ರೇಲರು ಭಾವನ ಮನೆಯ ಮುಂದೆ, ಬೆಟ್ಟ ವಿಮಾನಗಳ ಸಮೇತ ಹಾಗೆಯೇ ನಿಂತಿತ್ತು. ಭಾವ ಮಗ್ಗದ ದೋಣಿಯನ್ನು ಹಿಂದಕ್ಕೆ ತಿರುಗಿಸಿ ಬಟ್ಟೆ ಬಿಚ್ಚಿ ಹರಡಿದ. ಹೆಂಚು, ಗುಲಾಬಿ, ಕೆಸರು. ಹೆಂಚು, ಗುಲಾಬಿ, ಕೆಸರು. ಮತ್ತೊಮ್ಮೆ ಹೆಂಚು, ಗುಲಾಬಿ, ಕೆಸರು. ನಿರಿಗೆ ಹಿಡಿಯುವ ಜಾಗವೆಲ್ಲ ಅದೇ. ಹುಡುಗಿ ಹೋಟೆಲಿಗೆ ಹೊರಟವಳು ನಿಂತು ನೋಡಿದಳು.

“ಇರ್ಲಿ ಬಿಡಪ್ಪಾ. ಶೇಡ್ ಥರ ಕಾಣ್ತೈತೆ. ಹಿಂಗೇ ಉಟ್ಕೋತೀನಿ.”

ಅವಳು ಮನಸ್ಸಿನಿಂದಲೇ ಹೇಳಿದ್ದಳು. ಅವನ ಮುಖವೂ ಕೊಂಚ ಸಡಿಲವಾಗಿತ್ತು. ಅಷ್ಟರಲ್ಲಿ ಎದುರುಮನೆಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್ಲರು ಹಲ್ಲುಜ್ಜುತ್ತಾ ಬಂದು ಟ್ರೇಲರಿನ ಅಂಚಿಗೆ ಕೈಯೂರಿ ನಿಂತರು. ಬಾಯಿ ಮುಕ್ಕಳಿಸಿ ಬಂದು ಮಾತಾಡಿದರೆ ಮಾತಿಗೆ ತೂಕ ಬರುತ್ತದೆಂದು ಹೋಗಿ ಮುಕ್ಕಳಿಸಿಯೂ ಬಂದರು.

“ನೋಡಿ ಮೇಷ್ಟ್ರೇ, ಬಾವುಟ ಸೊಂಟದಿಂದ ಕೆಳಗೆ ಉಡೋ ಹಾಗಿಲ್ಲ. ಕಾನೂನೈತೆ. ನಿರಿಗೆ ಅಂದ್ರೆ ಸೊಂಟದಿಂದ ಕೆಳಗೇ ಅಲ್ವಾ?”

ಇದು ಬಾವುಟವಲ್ಲ, ಚಕ್ರವಿಲ್ಲ, ಬಿಳಿಯೇ ಬಿಳಿಯಾಗಿಲ್ಲ ಎಂದು ನಾನು ವಾದಿಸಿದೆ. ನಿನ್ನೆ ಮೈಕಿನಲ್ಲಿ ತ್ರಿವರ್ಣ ಎಂದು ಕೂಗಿದ್ದನ್ನು ಊರೆಲ್ಲ ಕೇಳಿದೆ, ಮದುವೆಮನೆಯಲ್ಲಿ ಒಬ್ಬ ಫೋಟೋ ಹೊಡೆದು ಹಾಕಿದರೆ ಸಾಕು ಎಂದರು. ಅವರು ಹೆದರಿಸಲು ಬಂದವರಲ್ಲ. ನೆರೆಯವರ ಒಳ್ಳೆಯದಕ್ಕೇ ಹೇಳಿದವರು. ನಮ್ಮನ್ನು ಮುಳುಗಿಸಿದವರೆಲ್ಲರೂ ಒಳ್ಳೆಯವರೇ ಎಂಬುದು ಈ ಪ್ರಕರಣದ ದೊಡ್ಡ ಕಷ್ಟ. ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಬಹುಮಾನದ ಫಲಕ ಹಿಡಿದು ಧರ್ಮಸ್ಥಳದ ಬಸ್ಸಿನಲ್ಲಿದ್ದರು.

ಭಾವ ಒಳಗೆ ಹೋಗಿ ಬ್ಲೇಡು ತಂದ. ನೇಯ್ದದ್ದನ್ನು ಬಿಚ್ಚುವುದೆಂದರೆ ಅಂಚಿನ ಹತ್ತಿರ ಹೊಕ್ಕನ್ನು ಕೊಯ್ದು, ಒಂದೊಂದೇ ಎಳೆಯಾಗಿ ಎಳೆದು ತೆಗೆಯಬೇಕು. ಲಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕಿದ್ದನ್ನು ತೆಗೆಯಲು ಒಂದು ಎಲೆಅಡಿಕೆ ಹಾಕುವಷ್ಟು ಹೊತ್ತು. ಅಕ್ಕ ಅವನ ಎದುರಿಗೆ ಕೂತಳು. ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತೆ. ನಡುಬೀದಿಯಲ್ಲಿ, ಟ್ರೇಲರಿನ ಮೇಲೆ, ವಿಮಾನದ ನೆರಳಿನಲ್ಲಿ. ಮೊದಲು ಕೆಸರು ಬಂದಿತು. ಎಳೆದಾಗ ಅದು ಬರೀ ಹಸಿರು, ಎಳೆಯ ಭತ್ತದ ಹಸಿರು. ಎದುರುಮನೆಯವರು ಮತ್ತೆ ಬಂದು, ಮೂರು ಬಣ್ಣವನ್ನು ಹೀಗೆ ಹಾದಿಯಲ್ಲಿ ಕೂತು ಕೀಳುವುದೂ ಒಂದು ರೀತಿಯಲ್ಲಿ ಯೋಚನೆ ಮಾಡಬೇಕಾದ ವಿಷಯವೇ ಎಂದರು. ಅಕ್ಕ ಕಿತ್ತ ನೂಲನ್ನೆಲ್ಲ ಒಂದು ಹೊಸ ಬುಟ್ಟಿಯಲ್ಲಿ ಹಾಕತೊಡಗಿದಳು. ಅವರು ಸಮಾಧಾನದಿಂದ ಹೋದರು.

ಮೂರು ಬಣ್ಣದ ಎರಡು ಸಾಲು ಬಿಚ್ಚುವ ಹೊತ್ತಿಗೆ ದಿನಗಳು ಹೋಗಿದ್ದವು, ಚಪ್ಪರದ ಕಂಬಗಳು ಬಂದಿದ್ದವು, ಟ್ರೇಲರಿನವನು ಮೂರು ಸಲ ಬಂದು ಹೋಗಿದ್ದ. ಮೊದಲನೆಯ ಸಾಲು ಉಳಿಯಿತು. ಅಲ್ಲಿ ಕೈಯಿಟ್ಟಾಗ ಹಾಸಿನ ರೇಷ್ಮೆ ಜುಂಗೇಳತೊಡಗಿತು. ಒಂದು ಎಳೆ ಕಿತ್ತಿತು. ಗಂಟು ಹಾಕಿದ. ಪಕ್ಕದ್ದು ಕಿತ್ತಿತು. ಭಾವ ಬ್ಲೇಡನ್ನು ಕೆಳಗಿಟ್ಟು, ಅಂಗೈಯನ್ನು ಎಳೆಗಳ ಮೇಲೆ ಆಡಿಸಿದ. “ಇನ್ನು ಎಳೆದ್ರೆ ಸೀರೇನೇ ಇರಲ್ಲ” ಅಂದ. ಮಗ್ಗ ಮನೆಯೊಳಗೆ ಇಳಿದ ಮೇಲೆ ಅಲ್ಲಿಂದ ಮುಂದಕ್ಕೆ ಕುಂಕುಮದ ಬಣ್ಣದಲ್ಲಿ ನೇಯ್ದು ಮುಗಿಸಿದ. ಬಿಚ್ಚಿ ಮತ್ತೆ ನೇಯ್ದ ಜಾಗದಲ್ಲಿ ಹೊಳಪು ಸತ್ತು, ಒಗೆದ ಬಟ್ಟೆಯ ಹಾಗೆ ಕಾಣುತ್ತಿತ್ತು. ಅದರ ಪಕ್ಕಕ್ಕೇ ಒಂದು ಗೇಣು, ಹೆಂಚು ಗುಲಾಬಿ ಕೆಸರು. ಅವನು ಮೊದಲು ಒಪ್ಪಿಕೊಂಡಿದ್ದ ಆ ಒಂದೇ ಗೇಣು, ಒಪ್ಪಿಕೊಳ್ಳದ ಜಾಗದಲ್ಲಿ.

ಮದುವೆಯ ದಿನ ಅಕ್ಕ ಮಗಳಿಗೆ ತಾನೇ ಸೀರೆ ಉಡಿಸಿದಳು. ಆ ಗೇಣು ಮಡಿಕೆಯೊಳಗೆ ಬೀಳುವಂತೆ ನಿರಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಪಿನ್ನು ಚುಚ್ಚಿದಳು. ನಿಂತರೆ ಏನೂ ಕಾಣುತ್ತಿರಲಿಲ್ಲ. ನಡೆದರೆ ಮಡಿಕೆ ತೆರೆಯುತ್ತಿತ್ತು. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವನಾದ ನನ್ನ ಪಾಲಿನ ಕೆಲಸ. ಮಾವ, ಮೆಲ್ಲಗೆ ನಡಿ ಎಂದು ಅವಳು ನನ್ನ ಕೈ ಒತ್ತಿದಳು. ಟ್ರ್ಯಾಕ್ಟರಿಗಿಂತ ನಿಧಾನವಾಗಿ ಸಾಗಿದೆವು. ಓಲಗದವರು ಒಂದು ರಾಗ ಮುಗಿಸಿ ಇನ್ನೊಂದು ಹಿಡಿಯಬೇಕಾಯಿತು. ಧಾರೆ ಏನೋ ಸಾಂಗವಾಗಿ ಆಯಿತು. ಸಪ್ತಪದಿಗೆ ಬಂದಾಗ ಮಾತ್ರ ಅವಳ ಹೆಜ್ಜೆ ನನ್ನ ಕೈಯಲ್ಲಿರಲಿಲ್ಲ. ಒಂದು ಪಿನ್ನು ಬಿಚ್ಚಿತು. ಮಡಿಕೆ ತೆರೆಯಿತು.

ಗಂಡಿನ ಸೋದರಮಾವನಾದ ಅಧ್ಯಕ್ಷರು ಮುಂದಿನ ಸಾಲಿನಲ್ಲಿದ್ದರು. ಕಂಡರು. ಅವರ ಕಣ್ಣು ತುಂಬಿ ಬಂತು. ಅಕ್ಕಪಕ್ಕದವರನ್ನು ತಟ್ಟಿ ತಟ್ಟಿ ತೋರಿಸಿ, ನಮ್ಮ ಸಂಘದ ಸ್ತಬ್ಧಚಿತ್ರದ ನೆನಪಿಗೆ ಬೀಗರು ಇದನ್ನು ಸೀರೆಯಲ್ಲೇ ಉಳಿಸಿಕೊಂಡಿದ್ದಾರೆ ಎಂದು ಹೇಳಿದರು. ಊಟದ ಪಂಕ್ತಿಯಲ್ಲಿಯೂ ಎಲೆಯಿಂದ ಎಲೆಗೆ ಹೋಗಿ ಹೇಳಿದರು. ಭಾವ ಅವರ ಹಿಂದೆಯೇ ಹೋಳಿಗೆಯ ತಟ್ಟೆ ಹಿಡಿದು ಬರುತ್ತಾ, ಹೌದು, ಹೌದು ಎಂದು ಬಡಿಸಿದ. ಕಾನೂನಿನ ಎದುರುಮನೆಯವರು ಎರಡನೆಯ ಹೋಳಿಗೆಗೆ ಎಲೆ ತೋರಿಸಿದರು.

ಹೆಣ್ಣು ಗಂಡು ಹೊರಟುಹೋದ ಮೇಲೆ ಛತ್ರದ ಹಿಂದಿನ ಕಟ್ಟೆಯ ಮೇಲೆ ನಾವಿಬ್ಬರೂ ಕೂತೆವು. ಅಕ್ಕನಿಗೆ ಇನ್ನು ಹಬ್ಬಕ್ಕೊಂದು ಜಗಳಕ್ಕೊಂದು ಹೇಳಲು ಎರಡು ಸೀರೆಗಳಾದವು ಎಂದು ನಾನು ಯೋಚಿಸುತ್ತಿದ್ದೆ. ಮುಂದಿನ ವರ್ಷವೂ ಸ್ತಬ್ಧಚಿತ್ರ ಹೊರಡಿಸುವುದಾಗಿ, ವಿನ್ಯಾಸ ನಮ್ಮ ಮೇಷ್ಟ್ರದೇ ಎಂದು ಅಧ್ಯಕ್ಷರು ಊಟದ ಮನೆಯಲ್ಲಿ ಘೋಷಿಸಿ ಆಗಿತ್ತು. ಭಾವ ಕಾಲು ನೀಡಿಕೊಂಡು ಹೇಳಿದ:

“ಮುಂದಿನ ಸಲ ಬರೀ ಬೆಟ್ಟ ಬರಿಯಪ್ಪ. ಬೆಟ್ಟ ಆದ್ರೆ ಯಾರ ಮನೇಲೂ ಇರಲ್ಲ.”